ಕೆಸು ಯಾಕೆ ತುರಿಸುತ್ತದೆ ಅಂತ ನೋಡಲು ಹೋಗಿ

ಆಷಾಢದ ಮಳೆ ಹಿಡಿದು ಕೂತಿದೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಕರೆಂಟು ಮೂರು ದಿನದಿಂದ ಮುಖ ತೋರಿಸಿ ಹೋಗುತ್ತಿದೆ ಅಷ್ಟೇ. ಹಿತ್ತಲಲ್ಲಿ ಕೆಸು ಮಾತ್ರ ಸೊಂಪಾಗಿ ಎದ್ದಿದೆ, ಪತ್ರೊಡೆಗೆ ಎಲೆ ಕೊಯ್ದು ತಾ ಅಂತ ಅಮ್ಮ ಹೇಳಿದಳು. ಕೊಯ್ದು ತಂದೆ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳದೆ ದಂಟು ಹೆಚ್ಚಲು ಕೂತೆ. ಸ್ವಲ್ಪ ಹೊತ್ತಿಗೆ ಮುಂಗೈ ಪೂರ್ತಿ ತುರಿಕೆ.

"ಹುಣಿಸೆಹುಳಿ ಹಚ್ಕೊ, ಕರಗಿ ಹೋಗ್ತದೆ" ಅಂದಳು. ಎಂತ ಕರಗುತ್ತದೆ ಅಂತ ಕೇಳಿದ್ದಕ್ಕೆ, ಡಿಗ್ರಿ ಓದಿದವನು ನೀನಾ ನಾನಾ ಅಂತ ಬೈಸಿಕೊಂಡೆ.

ಮಾತು ಸರಿಯೇ. ನಾನು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಮಾಡಿದವನು, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಎರಡೂ ಇತ್ತು. ಆದರೆ ಮೂರು ವರ್ಷದಲ್ಲಿ ಮೈಕ್ರೋಸ್ಕೋಪಿನಲ್ಲಿ ನಾನು ನೋಡಿದ್ದು ಹೆಚ್ಚಾಗಿ ನನ್ನದೇ ಕಣ್ಣಿನ ರೆಪ್ಪೆ. ಆರು ಜನಕ್ಕೆ ಒಂದು ಮೈಕ್ರೋಸ್ಕೋಪ್, ನಮ್ಮ ಸರದಿ ಬರುವಷ್ಟರಲ್ಲಿ ಬೆಲ್ಲು. ರೆಕಾರ್ಡ್ ಪುಸ್ತಕದ ಚಿತ್ರಗಳನ್ನೆಲ್ಲ ಸೀನಿಯರ್ ಪುಸ್ತಕ ನೋಡಿ ಬರೆದೆ, ಅದಕ್ಕೇ ಒಳ್ಳೆ ಮಾರ್ಕ್ಸ್ ಬಂತು. ಹೋದ ವರ್ಷ ಅಣ್ಣನ ಮಗಳು ಒಂಬತ್ತನೇ ಕ್ಲಾಸಿನ ಜೀವಕೋಶದ ಪಾಠವನ್ನು ಅದೇ ರೀತಿ ಬಾಯಿಪಾಠ ಮಾಡುವುದು ಕೇಳಿ ತಡೆಯಲಾರದೆ ಒಂದು ಹಳೆ ಮೈಕ್ರೋಸ್ಕೋಪ್ ಕೊಂಡು ತಂದೆ. ಕೆಳಗೆ ಕನ್ನಡಿ ಇರುವಂಥದ್ದು. ಕಣ್ಣಿಡುವ ಲೆನ್ಸು 10 ಪಟ್ಟು, ಕೆಳಗಿನದು 4, 10, 40. ಎರಡನ್ನೂ ಗುಣಿಸಿದರೆ ಜಾಸ್ತಿ ಅಂದರೆ 400 ಪಟ್ಟು. ನಮಗೆ ಬೇಕಾದಷ್ಟಾಯಿತು.

ಮಲೆನಾಡಿನಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಳ್ಳುವವರಿಗೆ ಒಂದು ಮಾತು. ಮೊದಲ ಮಳೆಗಾಲದಲ್ಲೇ ನನ್ನ 10 ಪಟ್ಟಿನ ಲೆನ್ಸಿನೊಳಗೆ ಬೂಷ್ಟು ಹಿಡಿಯಿತು, ಜೇಡರ ಬಲೆಯ ಹಾಗೆ ಎಳೆ ಎಳೆ. ಕ್ಯಾಮೆರಾ ಇರುವವರಿಗೆ ಈ ಸಂಕಟ ಗೊತ್ತಿರುತ್ತದೆ. ಈಗ ಲೆನ್ಸುಗಳನ್ನೆಲ್ಲ ಬಿಚ್ಚಿ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಇನ್ನು ಬೆಳಕು. ಈ ಮೋಡದಲ್ಲಿ ಕನ್ನಡಿಗೆ ಬೆಳಕೆಲ್ಲಿಂದ ಬರಬೇಕು? ಮೊಬೈಲ್ ಟಾರ್ಚಿನ ಮೇಲೆ ಬಟರ್ ಪೇಪರ್ ತುಂಡು ಇಟ್ಟರೆ ಕೆಲಸ ನಡೆಯುತ್ತದೆ. ಬೆಳಕು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ ಅನ್ನುವುದು ಸುಳ್ಳು. ಬಣ್ಣವಿಲ್ಲದ ಕೋಶ ಪ್ರಖರ ಬೆಳಕಿನಲ್ಲಿ ಮಾಯ. ವೇದಿಕೆಯ ಕೆಳಗಿನ ಕಿಂಡಿಯನ್ನು ಕಿರಿದು ಮಾಡಿದರೆ ಅಂಚುಗಳು ಎದ್ದು ಬರುತ್ತವೆ. ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ ಅಥವಾ ಹೇಳಿದಾಗ ನಾನು ಕ್ಯಾಂಟೀನಿನಲ್ಲಿದ್ದೆ.

ಮೊದಲು ಈರುಳ್ಳಿ, ಎಲ್ಲರ ಹಾಗೆ. ಕೆಂಪು ಈರುಳ್ಳಿಯ ಬಣ್ಣದ ಪೊರೆಯನ್ನು ಉಗುರಿನಲ್ಲಿ ಸುಲಿದು, ಒಂದು ಹನಿ ನೀರಿನಲ್ಲಿ ಹಾಸಿ, ಮೇಲೆ ಮುಚ್ಚುವ ತೆಳು ಗಾಜಿನ ಚೂರನ್ನು, ಅಂದರೆ ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಬೇಕು. ನೇರವಾಗಿ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಪುಟ್ಟಿ ಮೊದಲ ದಿನ "ಚಿಕ್ಕಪ್ಪ, ಸೆಲ್ ಸಿಕ್ತು!" ಅಂತ ಕೂಗಿದ್ದು ಅಂಥದೇ ಒಂದು ಗುಳ್ಳೆ ನೋಡಿ. ಕಪ್ಪು ದಪ್ಪ ಅಂಚಿನ ದುಂಡಗಿನದು ಕಂಡರೆ ಅದು ಗುಳ್ಳೆ ಅಂತ ತಿಳಿಯಿರಿ.

ಒಂದು ಪ್ಲಾಸ್ಟಿಕ್ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು ಅಳತೆ ಮಾಡಿದೆವು. 100 ಪಟ್ಟಿನಲ್ಲಿ ಕಾಣುವ ವೃತ್ತದ ಅಗಲ 1.8 ಮಿಲಿಮೀಟರ್. ಅದರಲ್ಲಿ ಆರು ಕೋಶ ಉದ್ದಕ್ಕೆ ಕೂತವು. ಅಂದರೆ ಒಂದೊಂದು ಸುಮಾರು 0.3 ಮಿಲಿಮೀಟರ್. ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಟ್ಟರೆ ಕೋಶಕೇಂದ್ರ ಹಳದಿ ಚುಕ್ಕೆಯಾಗಿ ಏಳುತ್ತದೆ. ಅದಕ್ಕೆ ನ್ಯೂಕ್ಲಿಯಸ್ ಅಂತ ಹೆಸರಿಟ್ಟವನು ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್, 1831ರಲ್ಲಿ. ಅವನು ನೋಡುತ್ತಿದ್ದದ್ದು ಆರ್ಕಿಡ್ ಗಿಡಗಳನ್ನು, ಅಂದರೆ ನಮ್ಮ ಸೀತಾಳೆ ದಂಡೆಯ ಬಳಗ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಉಪ್ಪು. ಪುಸ್ತಕದ ಸಸ್ಯಕೋಶದಲ್ಲಿ ಎರಡು ಗೆರೆ ಇರುತ್ತದಲ್ವಾ, ಹೊರಗೆ ಕೋಶಭಿತ್ತಿ, ಅದಕ್ಕೆ ಅಂಟಿಕೊಂಡು ಕೋಶಪೊರೆ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಒಂದೇ ಗೆರೆ. ಕೋಶಪೊರೆಯ ದಪ್ಪ ಸುಮಾರು 7ರಿಂದ 10 ನ್ಯಾನೋಮೀಟರ್ (ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೋಮೀಟರ್). ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಿದ್ದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸಲಾರದು, ಇದು ಬೆಳಕಿನ ಅಲೆಯದೇ ಮಿತಿ ಅಂತ 1873ರಲ್ಲೇ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಹೇಳಿಬಿಟ್ಟಿದ್ದ. ಹಾಗಾಗಿ ರೆಕಾರ್ಡ್ ಪುಸ್ತಕದಲ್ಲಿ ನಾನು ಎರಡು ಗೆರೆ ಎಳೆದು "ನೋಡಿ ಬರೆದದ್ದು" ಅಂತ ಸಹಿ ಹಾಕಿಸಿಕೊಂಡಿದ್ದು ಶುದ್ಧ ಸುಳ್ಳು.

ಆದರೆ ಅದೇ ಈರುಳ್ಳಿ ಪೊರೆಗೆ ಗಟ್ಟಿ ಉಪ್ಪುನೀರು ಬಿಟ್ಟು ನೋಡಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿ ಇಟ್ಟು, ಎದುರು ಅಂಚಿನಿಂದ ಟಿಶ್ಯೂ ಪೇಪರಿನಲ್ಲಿ ಹೀರಿಸಬೇಕು. ಕೆಲವೇ ನಿಮಿಷದಲ್ಲಿ ಒಳಗಿನ ನೇರಳೆ ಬಣ್ಣ ಗೋಡೆಯಿಂದ ಬಿಟ್ಟುಕೊಂಡು, ಮೂಲೆಗಳಿಂದ ಸರಿದು, ನಡುವೆ ಉಂಡೆಯಾಗುತ್ತದೆ. ಗೋಡೆ ಇದ್ದಲ್ಲೇ ಇದೆ, ಒಳಗಿನ ಚೀಲ ಕುಗ್ಗಿದೆ. ಪೊರೆ ಕಾಣದಿದ್ದರೂ ಎಲ್ಲಿದೆ ಅಂತ ಈಗ ಬೆರಳಿಟ್ಟು ತೋರಿಸಬಹುದು. ಪುಟ್ಟಿ ಹತ್ತು ಸಲ ಉಪ್ಪುನೀರು, ಸಿಹಿನೀರು ಬದಲಾಯಿಸಿ ಕುಗ್ಗಿಸಿ ಉಬ್ಬಿಸಿ ಆಟ ಆಡಿದಳು. ಅಮ್ಮನನ್ನೂ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಇದು ಮಿಡಿ ಉಪ್ಪಿಗೆ ಹಾಕಿದ ಹಾಗೇ ಅಲ್ವಾ" ಅಂದಳು. ಅದೇ! ಅಪ್ಪೆಮಿಡಿ ಭರಣಿಯಲ್ಲಿ ಸುಕ್ಕು ಬೀಳುವುದು, ನೀರು ಬಿಡುವುದು, ಎಲ್ಲ ಇದೇ.

ಪ್ರಾಣಿಕೋಶಕ್ಕೆ ಈ ಗೋಡೆ ಇಲ್ಲ ಅಂತ ಕೋಷ್ಟಕದಲ್ಲಿ ಬರೆಯುತ್ತೇವೆ, ಎರಡು ಮಾರ್ಕ್ಸಿನ ಪ್ರಶ್ನೆ. ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಬೇಕಾದರೆ ರಕ್ತ ಬೇಕು. ಅಮ್ಮನ ಶುಗರ್ ನೋಡುವ ಮೆಷಿನ್ನಿನ ಹೊಸ ಸೂಜಿಯಲ್ಲಿ ನನ್ನದೇ ಬೆರಳು ಚುಚ್ಚಿಕೊಂಡೆ. ಮಕ್ಕಳ ಕೈಲಿ ಮಾಡಿಸಬೇಡಿ, ಒಬ್ಬರ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ಲೀಟರಿಗೆ 9 ಗ್ರಾಂ ಉಪ್ಪಿನ ನೀರಿನಲ್ಲಿ ಕೆಂಪು ರಕ್ತಕಣಗಳು ನಡುವೆ ತಗ್ಗಿರುವ ಪುಟ್ಟ ತಟ್ಟೆಗಳ ಹಾಗೆ ತೇಲುತ್ತವೆ, ಅಡ್ಡಳತೆ 7-8 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಉಪ್ಪು ಜಾಸ್ತಿ ಮಾಡಿದರೆ ಮೈಯೆಲ್ಲ ಮುಳ್ಳು ಮುಳ್ಳು. ಬರೀ ಬಾವಿ ನೀರು ಬಿಟ್ಟರೆ? ಉಬ್ಬಿ, ಒಡೆದು, ಕೆಂಪೆಲ್ಲ ನೀರಿಗೆ ಹೋಗಿ, ಹುಡುಕಿದರೂ ಸಿಗುವುದಿಲ್ಲ. ಅದೇ ಬಾವಿ ನೀರಿನಲ್ಲಿ ಈರುಳ್ಳಿ ಕೋಶ ಆರಾಮಾಗಿ ಕೂತಿತ್ತು, ಗೋಡೆ ಹಿಡಿದುಕೊಂಡಿತ್ತಲ್ಲ. ಇಷ್ಟು ನೋಡಿದ ಮೇಲೆ ಕೋಷ್ಟಕ ಯಾರಿಗೆ ಬೇಕು?

ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ, ಮನುಷ್ಯನದರಲ್ಲಿ. ಅದನ್ನು ನೋಡಲು ಕೆನ್ನೆಯ ಒಳಭಾಗವನ್ನು ಹಲ್ಲುಕಡ್ಡಿಯ ಮೊಂಡು ತುದಿಯಲ್ಲಿ ಮೆಲ್ಲಗೆ ಕೆರೆದು, ಮೀಥೈಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಸಿಗುತ್ತದೆ. ಸುಕ್ಕಾದ ಹಪ್ಪಳದಂಥ ಕೋಶ, ನಡುವೆ ಕಡುನೀಲಿ ಚುಕ್ಕೆ.

ಇನ್ನು ಕೆಸು. ದಂಟನ್ನು ಹೊಸ ಬ್ಲೇಡಿನಲ್ಲಿ ಎಷ್ಟು ತೆಳ್ಳಗೆ ಆಗುತ್ತದೋ ಅಷ್ಟು ತೆಳ್ಳಗೆ ಕೊಯ್ದು (ಹದಿನೈದರಲ್ಲಿ ಒಂದು ಸರಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ) ನೀರಿನಲ್ಲಿಟ್ಟೆ. ಸಾಲು ಸಾಲು ಸಾಮಾನ್ಯ ಕೋಶಗಳ ನಡುವೆ ಅಲ್ಲಲ್ಲಿ ಬೇರೆ ಥರದ ಉದ್ದನೆಯ ಕೋಶ. ಅದರೊಳಗೆ ಹಿಡಿಸೂಡಿಯ ಕಡ್ಡಿಗಳ ಹಾಗೆ ಒತ್ತಾಗಿ ಜೋಡಿಸಿದ ಸೂಜಿಗಳು. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ರಾಫೈಡ್ ಅಂತ ಹೆಸರು. ನೋಡುತ್ತಿರುವಾಗಲೇ ಒಂದು ಕೋಶ ನೀರು ಕುಡಿದು ತುದಿಯಿಂದ ಬಾಯಿಬಿಟ್ಟು ಒಂದೊಂದೇ ಸೂಜಿಯನ್ನು ಹೊರಗೆ ಉಗುಳಿತು. ನನ್ನ ಮುಂಗೈ ಇನ್ನೂ ಉರಿಯುತ್ತಿತ್ತು, ಆದರೂ ಚಪ್ಪಾಳೆ ತಟ್ಟಿದೆ. ಸುವರ್ಣಗೆಡ್ಡೆಯಲ್ಲೂ ಇಂಥ ಸೂಜಿಗಳಿವೆ.

ಈಗ ಅಮ್ಮನ ಹುಣಿಸೆ ಪರೀಕ್ಷೆ. ಗಟ್ಟಿ ಹುಳಿ ಸೋಸಿ ಸ್ಲೈಡಿಗೆ ಬಿಟ್ಟು ಅರ್ಧ ಗಂಟೆ ಕಾದೆ. ಸೂಜಿಗಳು ಇದ್ದ ಹಾಗೇ ಇದ್ದವು. ಬಚ್ಚಲು ತೊಳೆಯುವ ಆಸಿಡ್ಡನ್ನು ಇನ್ನೊಂದು ಸ್ಲೈಡಿಗೆ ಹಾಕಿದೆ, ಜಗುಲಿಯಲ್ಲಿ, ಮೈಕ್ರೋಸ್ಕೋಪಿನಿಂದ ದೂರ, ಯಾಕೆಂದರೆ ಅದರ ಹೊಗೆ ಲೆನ್ಸಿಗೆ ಆಗುವುದಿಲ್ಲ. ತೊಳೆದು ತಂದು ನೋಡಿದರೆ ಒಂದೂ ಇಲ್ಲ. ಅಷ್ಟು ಕಟುವಾದದ್ದಕ್ಕೆ ಮಾತ್ರ ಕರಗುವ ಹರಳು ಅದು.

ಸಂಜೆ ಪತ್ರೊಡೆ ಬೆಂದು ಇಳಿಯಿತು. ಅದರ ಎಲೆಯ ಒಂದು ಚೂರನ್ನು ಸ್ಲೈಡಿಗೆ ಹಚ್ಚಿ ನೋಡಿದೆ. ಸೂಜಿಗಳು ಬೆಂದ ಎಲೆಯಲ್ಲೂ ಹಾಗೇ ಇವೆ! ತಿಂದರೆ ಗಂಟಲು ಮಾತ್ರ ತುರಿಸಲಿಲ್ಲ. ಓದಿ ನೋಡಿದಾಗ ಗೊತ್ತಾಯಿತು, ತುರಿಕೆ ಬರೀ ಸೂಜಿಯದಲ್ಲ, ಸೂಜಿಯ ಜೊತೆ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಒಳಗೆ ಹೋಗುತ್ತದೆ, ಅದು ಚರ್ಮವನ್ನು ರೇಗಿಸುತ್ತದೆ. ಚೆನ್ನಾಗಿ ಬೇಯಿಸಿದರೆ ಕಿಣ್ವ ಕೆಡುತ್ತದೆ, ಸೂಜಿ ಉಳಿಯುತ್ತದೆ.

ಇದನ್ನೆಲ್ಲ ಅಮ್ಮನಿಗೆ ವಿವರವಾಗಿ ಹೇಳಿದೆ. ಹುಣಿಸೆಯಿಂದ ಸೂಜಿ ಕರಗುವುದಿಲ್ಲ, ಬೇಕಾದರೆ ಕಣ್ಣಾರೆ ನೋಡು ಅಂದೆ. ಅವಳು ಮೈಕ್ರೋಸ್ಕೋಪಿನ ಕಡೆ ತಿರುಗಿಯೂ ನೋಡದೆ, "ಆಯ್ತು ಮಾರಾಯ, ನಾಳೆ ಹುಳಿ ಹಾಕದೆ ಒಂದು ಪತ್ರೊಡೆ ಮಾಡಿ ಕೊಡ್ತೇನೆ, ನೀನು ತಿಂದು ತೋರಿಸು" ಅಂದಳು.

ಬೇಡ ಅಂದೆ.