ಅಪ್ಪನ ಬೆಂಜ್ ಲಾರಿ, ಅಜ್ಜನ ಡೀಸೆಲ್ ಕಾರು

ನಮ್ಮ ಮನೆಯಲ್ಲಿ ಬೆಂಜ್ ಅಂದರೆ ಕಾರಲ್ಲ, ಲಾರಿ. ಅಪ್ಪ ದಾವಣಗೆರೆಯಲ್ಲಿ ಲಾರಿ ಡ್ರೈವರ್ ಆಗಿದ್ದರು. ಮಿಲ್ಲಿಗೆ ಹತ್ತಿ ತರುವುದು, ಮಿಲ್ಲಿನಿಂದ ಬಟ್ಟೆ ಒಯ್ಯುವುದು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದರು. ಆ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರವೂ ಹೋಯಿತು. ಆದರೆ ಡ್ರೈವರುಗಳ ಬಾಯಲ್ಲಿ ಅದು ಎಷ್ಟೋ ವರ್ಷ ಬೆಂಜ್ ಆಗಿಯೇ ಉಳಿಯಿತು. ಅಪ್ಪನಿಗೆ ಈಗ 81. ಇವತ್ತಿಗೂ ಟಿ.ವಿ.ಯಲ್ಲಿ ಯಾವುದೋ ಮಂತ್ರಿ ಬೆಂಜ್ ಕಾರಿನಿಂದ ಇಳಿದರೆ, "ನಾನೂ ಬೆಂಜೇ ಓಡ್ಸಿದ್ದು" ಅನ್ನುತ್ತಾರೆ.

ಹಾಗಾಗಿ ಅಕ್ಕ-ಭಾವ ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಮನೆ ಬದಲಾಯಿಸಿದ್ದಾರೆ ಅಂತ ಗೊತ್ತಾದಾಗ ನನಗಿಂತ ಅಪ್ಪನಿಗೇ ಖುಷಿ ಜಾಸ್ತಿ. ಸ್ಟುಟ್‌ಗಾರ್ಟ್ ಪಕ್ಕದ ಊರು ಅದು. 1915ರಿಂದ ಅಲ್ಲಿ ಈ ಕಂಪನಿಯ ಕಾರ್ಖಾನೆ ಇದೆ. "ಹೋಗಿ ನೋಡ್ಕೊಂಡು ಬಾ, ಫೋಟೊ ಕಳ್ಸು" ಅಂದರು. ಸೆಪ್ಟೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಹೊರಟೆ.

ಮೊದಲ ದಿನ ಭಾವ ವಾಕಿಂಗ್ ಕರೆದುಕೊಂಡು ಹೋದವರು ಒಂದು ರಸ್ತೆಯ ನಡುವೆ ನಿಂತು "ಕೆಳಗೆ ನೋಡು" ಅಂದರು. ಝೀಬ್ರಾ ಕ್ರಾಸಿಂಗ್. ಬಿಳಿ ಪಟ್ಟಿ ಪೇಂಟ್ ಅಲ್ಲ, ಅಮೃತಶಿಲೆ. ಇಟಲಿಯ ಕರಾರಾದಿಂದ ತರಿಸಿದ್ದು. ಕಾರ್ಖಾನೆಯ ತೆರಿಗೆ ದುಡ್ಡು ಊರಿಗೆ ಧಾರಾಳವಾಗಿ ಹರಿದು ಬರುತ್ತಿದ್ದ ಕಾಲದ ಕೆಲಸ. ನಮ್ಮಲ್ಲಿ ದೇವರ ಮನೆಗೆ ಹಾಕಿಸುವ ಕಲ್ಲನ್ನು ಇವರು ಜನ ದಾಟುವುದಕ್ಕೆ ಹಾಸಿದ್ದಾರೆ. ನಾನು ಸುಮ್ನೆ ಎರಡು ಸಲ ದಾಟಿದೆ.

ಈ ಸೀಮೆಯವರಿಗೆ ಶ್ವಾಬಿಯನ್ನರು ಅಂತ ಹೆಸರು. ಜರ್ಮನಿಯಲ್ಲೇ ಜಿಪುಣರು ಅಂತ ಉಳಿದವರು ತಮಾಷೆ ಮಾಡುತ್ತಾರೆ. ದುಡಿ, ಉಳಿಸು, ಮನೆ ಕಟ್ಟು, ಅಷ್ಟೇ ಅಂತೆ ಇವರ ಮಂತ್ರ. ಕಾರಿಗೆ ಇವರ ಆಡುಮಾತಿನಲ್ಲಿ ಒಂದು ಹೆಸರಿದೆ: 'ಹೈಲಿಗ್ಸ್ ಬ್ಲೆಕ್ಲೆ'. ಪವಿತ್ರ ತಗಡು! ಆಯುಧಪೂಜೆಯ ದಿನ ಲಾರಿಗೆ ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆಯುವ ಮನೆಯಿಂದ ಬಂದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಭಾವನ ಕಾರು ಕೂಡ ಬೆಂಜೇ, ಆದರೆ ಹೊಸದಾಗಿ ಕೊಂಡದ್ದಲ್ಲ. ಕಾರ್ಖಾನೆಯ ನೌಕರರಿಗೆ ಹೊಸ ಕಾರು ರಿಯಾಯಿತಿಯಲ್ಲಿ ಸಿಗುತ್ತದೆ. ಅವರು ಒಂದು ವರ್ಷ ಓಡಿಸಿ ಮಾರುತ್ತಾರೆ, ಮತ್ತೆ ಹೊಸದು ತೆಗೆದುಕೊಳ್ಳುತ್ತಾರೆ. ಹೀಗೆ ಬರುವ ಕಾರಿಗೆ 'ಯಾರೆಸ್‌ವಾಗನ್' ಅಂತಾರೆ, ಅಂದರೆ ವರ್ಷದ ಕಾರು. ಒರೆಸಿ ಒರೆಸಿ ಇಟ್ಟಿರುತ್ತಾರೆ, ದರವೂ ಕಡಿಮೆ. "ಇಲ್ಲಿ ಅಕ್ಕಪಕ್ಕ ವಿಚಾರಿಸಿದ್ರೆ ಸಾಕು, ಶೋರೂಮಿಗೆ ಯಾಕೆ ಹೋಗ್ಬೇಕು?" ಅಂದರು ಭಾವ. ನಾಲ್ಕೇ ವರ್ಷದಲ್ಲಿ ಅವರೂ ಶ್ವಾಬಿಯನ್ ಆಗಿಬಿಟ್ಟಿದ್ದಾರೆ.

ಶನಿವಾರ ಆ ಕಾರಿನಲ್ಲೇ ಉತ್ತರಕ್ಕೆ ಹೊರಟೆವು. ಮ್ಯಾನ್‌ಹೈಮ್‌ನ ನಡುಪೇಟೆಯ ಬೀದಿಗಳಿಗೆ ಹೆಸರಿಲ್ಲ. ಚದುರಂಗದ ಹಾಸಿನ ಹಾಗೆ ಟಿ6, ಕ್ಯೂ5 ಅಂತ ಚೌಕಗಳಿವೆ, ಅಷ್ಟೇ. ಕಾರ್ಲ್ ಬೆಂಜ್ ವರ್ಕ್‌ಶಾಪ್ ಟಿ6ರಲ್ಲಿತ್ತು. ಇಲ್ಲೇ ಕಟ್ಟಿದ ಮೂರು ಗಾಲಿಯ ಬಂಡಿಗೆ ಆತ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ್ದು. ಒಂದೇ ಸಿಲಿಂಡರ್, ಮುಕ್ಕಾಲು ಅಶ್ವಶಕ್ತಿ, ಗಂಟೆಗೆ 16 ಕಿ.ಮೀ. ವೇಗ. ಮೊದಲ ಮೋಟಾರು ಕಾರು ಅಂತ ಲೋಕ ಒಪ್ಪಿಕೊಂಡಿರುವುದು ಇದನ್ನೇ. ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಕಾರು ಹುಟ್ಟಿದ ಊರಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ.

ಅಲ್ಲಿಂದ ಲಾಡೆನ್‌ಬುರ್ಗ್. ನೆಕರ್ ನದಿಯ ದಡದ ಪುಟ್ಟ ಊರು. ಬೆಂಜ್ ಮುಪ್ಪಿನ ಕಾಲ ಕಳೆದದ್ದು ಇಲ್ಲಿ. ಮಕ್ಕಳ ಜೊತೆ ನಡೆಸುತ್ತಿದ್ದ ಕಾರ್ಖಾನೆಯೇ ಈಗ ಮ್ಯೂಸಿಯಂ. ಅದಕ್ಕಿಂತ ನನಗೆ ಹಿಡಿಸಿದ್ದು ಆತನ ಮನೆಯ ತೋಟದ ಗ್ಯಾರೇಜು. 1910ರ ಸುಮಾರಿಗೆ ಕಟ್ಟಿಸಿದ್ದು. ಕಾರು ನಿಲ್ಲಿಸಲು ಕೋಟೆಯ ಬುರುಜಿನ ಥರ ಒಂದು ಗೋಪುರ, ಮೇಲೆ ಕೋಟೆಗೋಡೆಯ ತೆನೆಗಳು ಬೇರೆ! ಕಾರನ್ನು ಎಲ್ಲಿಡಬೇಕು ಅಂತ ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲ. ಕುದುರೆಗೆ ಲಾಯ ಉಂಟು, ಇದಕ್ಕೆ ಕೋಟೆಯೇ ಇರಲಿ ಅಂದುಕೊಂಡನೋ ಏನೋ.

ಈ ಊರುಗಳ ನಿಜವಾದ ನಾಯಕಿ ಬೆಂಜ್‌ನ ಹೆಂಡತಿ ಬರ್ತಾ. ಗಂಡನ ಮೊದಲ ಕಂಪನಿ ಮುಳುಗುತ್ತಿದ್ದಾಗ ತನ್ನ ವರದಕ್ಷಿಣೆ ಹಣ ಹಾಕಿ ಉಳಿಸಿದವಳು ಇವಳೇ. ಕಾರು ಮಾಡಿ ಎರಡು ವರ್ಷವಾದರೂ ಕೊಳ್ಳುವವರಿಲ್ಲ. ಗಂಡನೋ, ಇನ್ನೂ ಸರಿಮಾಡಬೇಕು ಅಂತ ಕೂತವನು. 1888ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬರ್ತಾ ಗಂಡನಿಗೆ ಹೇಳದೆ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು, ಕಾರು ತೆಗೆದು ಹೊರಟುಬಿಟ್ಟಳು. ಎಲ್ಲಿಗೆ? ಫೋರ್ಟ್ಸ್‌ಹೈಮ್‌ಗೆ, ತವರಿಗೆ. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿಯವರೆಗೆ ಕಾರು ಅಂದರೆ ಊರೊಳಗೆ ಒಂದು ಸುತ್ತು ಹೊಡೆದು ಬರುವುದು, ಅಷ್ಟೇ ಆಗಿತ್ತು.

ಆ ದಾರಿಯ ಕತೆ ಕೇಳಿದರೆ ಅಪ್ಪನ ಲಾರಿ ಟ್ರಿಪ್ಪಿನ ಕತೆ ಕೇಳಿದ ಹಾಗೇ ಇದೆ. ಪೆಟ್ರೋಲ್ ಪೈಪ್ ಕಟ್ಟಿಕೊಂಡಾಗ ತಲೆಯ ಟೋಪಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದಳಂತೆ. ಇಗ್ನಿಷನ್ ವೈರು ಸವೆದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಚೈನು ಕೈಕೊಟ್ಟಾಗ ಬ್ರುಕ್ಸಾಲ್‌ನಲ್ಲಿ ಕಮ್ಮಾರ ಸಿಕ್ಕ. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಚರ್ಮ ಹೊಡೆಸಿದಳು. ನಮ್ಮ ಗ್ಯಾರೇಜಿನವರು ಬ್ರೇಕ್ ಲೈನರ್ ಅನ್ನುತ್ತಾರಲ್ಲ, ಅದರ ಮೊದಲ ಅವತಾರ. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಆಮೇಲೆ ಅವಳು ಹೇಳಿದ್ದರಿಂದಲೇ ಗಂಡ ಏರಿಗೆ ಬೇಕಾದ ಇನ್ನೊಂದು ಗೇರು ಸೇರಿಸಿದ್ದು. ತವರು ಮುಟ್ಟಿದ ಮೇಲೆ ಗಂಡನಿಗೆ ತಂತಿ ಕೊಟ್ಟಳು.

ಅವಳ ದಾರಿಗೆ ಈಗ ಬೋರ್ಡುಗಳಿವೆ. ಅದನ್ನೇ ಹಿಡಿದು ವೀಸ್ಲೋಖ್ ತಲುಪಿದೆವು. ಅಲ್ಲಿ ಊರ ನಡುವಿನ ಔಷಧಿ ಅಂಗಡಿಯಲ್ಲಿ ಬರ್ತಾ ಲಿಗ್ರೋಯಿನ್ ಕೊಂಡಳು. ಆಗ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಎಣ್ಣೆ, ಅದೇ ಕಾರಿಗೆ ಇಂಧನ. ಲೋಕದ ಮೊದಲ ಪೆಟ್ರೋಲ್ ಬಂಕ್ ಇದೇ ಅಂತ ಊರಿನವರ ಹೆಮ್ಮೆ. ಮುಂದೆ ಒಂದು ಸ್ಮಾರಕವೂ ಇದೆ. ಅಕ್ಕ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, "ಗಂಡನಿಗೆ ಹೇಳದೆ ತವರಿಗೆ ಹೋದವಳಿಗೆ ಕಲ್ಲು ನಿಲ್ಸಿದಾರೆ ನೋಡು" ಅಂತ ಭಾವನ ಕಡೆ ತಿರುಗಿ ನಕ್ಕಳು.

ಭಾನುವಾರ ಮಲಗಿದೆ. ಸೋಮವಾರ ಒಬ್ಬನೇ ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್-ಬೆಂಜ್ ಮ್ಯೂಸಿಯಂಗೆ ಹೋದೆ. ಬಾಗಿಲು ಹಾಕಿತ್ತು. ಸೋಮವಾರ ರಜೆ ಅಂತ ಎಲ್ಲ ಕಡೆ ಬರೆದಿದ್ದಾರೆ, ನಾನೇ ನೋಡಿರಲಿಲ್ಲ. ಹೋಗಲಿ ಅಂತ ಹತ್ತಿರದ ಕಾನ್‌ಸ್ಟಾಟ್‌ಗೆ ನಡೆದೆ. ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಕ್ 1882ರಿಂದ ಎಂಜಿನ್ ಮೇಲೆ ಕೆಲಸ ಮಾಡಿದ್ದು ಇಲ್ಲಿನ ಒಂದು ತೋಟದ ಮನೆಯಲ್ಲಿ. ಹಗಲೂ ರಾತ್ರಿ ಟಣ್ ಟಣ್ ಸದ್ದು ಕೇಳಿ, ಖೋಟಾ ನಾಣ್ಯ ಹಾಕುತ್ತಿದ್ದಾರೆ ಅಂತ ತೋಟದ ಮಾಲಿಗೆ ಗುಮಾನಿ ಬಂತು. ಪೊಲೀಸರು ಬಂದು ನೋಡಿದರೆ ಒಳಗೆ ಸ್ಪ್ಯಾನರು, ಎಂಜಿನ್ ಭಾಗಗಳು, ಮತ್ತೇನಿಲ್ಲ. ನಾನು ಮಾತ್ರ ಹೊರಗೆ ನಿಂತೇ ನೋಡಿದೆ.

ಬೆಂಜ್ ಒಂದು ಊರು, ಡೈಮ್ಲರ್ ಇನ್ನೊಂದು ಊರು, ನಡುವೆ ನೂರು ಚಿಲ್ಲರೆ ಕಿಲೋಮೀಟರ್. ಎರಡು ಕಂಪನಿ ಒಂದಾದದ್ದು 1926ರಲ್ಲಿ. ಅಷ್ಟರಲ್ಲಿ ಡೈಮ್ಲರ್ ತೀರಿಕೊಂಡು 26 ವರ್ಷವಾಗಿತ್ತು. ಹಾಗಾದರೆ ಮರ್ಸಿಡಿಸ್ ಯಾರು? ಎಮಿಲ್ ಯೆಲಿನೆಕ್ ಅನ್ನುವ ಆಸ್ಟ್ರಿಯಾದ ಶ್ರೀಮಂತ ವ್ಯಾಪಾರಿಯ ಮಗಳು. 1900ರಲ್ಲಿ ಆತ ಡೈಮ್ಲರ್ ಕಂಪನಿಗೆ ಒಂದೇ ಸಲ 36 ಕಾರು ಆರ್ಡರ್ ಮಾಡಿ, ಕಾರಿಗೆ ಮಗಳ ಹೆಸರು ಇಡಬೇಕು ಅಂತ ಕರಾರು ಹಾಕಿದ. ಆಮೇಲೆ ತನ್ನ ಹೆಸರಿಗೂ ಮಗಳ ಹೆಸರು ಸೇರಿಸಿಕೊಂಡ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಕೃಪೆ ಅಂತ ಅರ್ಥ. 'ಶ್ರೀ ಮಂಜುನಾಥ ಕೃಪೆ' ಅಂತ ಅಪ್ಪನ ಲಾರಿಯ ನೆತ್ತಿಯ ಮೇಲೆ ಬರೆಸಿದ್ದು ನೆನಪಾಯಿತು.

ಮಂಗಳವಾರ ಒಳಗೆ ಹೋದೆ. ಲಿಫ್ಟು ನೇರ ತುದಿಗೆ ಒಯ್ಯುತ್ತದೆ, ಅಲ್ಲಿಂದ ಸುತ್ತಿ ಸುತ್ತಿ ಇಳಿಯಬೇಕು. ಲಿಫ್ಟಿನ ಬಾಗಿಲು ತೆರೆದರೆ ಮೊದಲು ಕಾಣುವುದು ಕಾರಲ್ಲ, ಒಂದು ಬಿಳಿ ಕುದುರೆ. ಕಾರು ಬಂದು ಹೋಗುವ ಶೋಕಿ, ನನಗೆ ಕುದುರೆಯ ಮೇಲೇ ನಂಬಿಕೆ ಅಂತ ಚಕ್ರವರ್ತಿಯೊಬ್ಬ ಹೇಳಿದನಂತೆ. ತಮ್ಮ ಮೇಲೇ ನಗುವ ಈ ಧೈರ್ಯ ಇಷ್ಟವಾಯಿತು. ಸುಮಾರು 160 ಗಾಡಿಗಳಿವೆ. ಬಾಗಿಲು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಎದ್ದ 1954ರ 300 ಎಸ್‌ಎಲ್ ಮುಂದೆ ಜನವೋ ಜನ. ಹಿಟ್ಲರ್ ಕಾಲವನ್ನೂ ಮುಚ್ಚಿಟ್ಟಿಲ್ಲ. 1944ರಲ್ಲಿ ಈ ಕಂಪನಿಯಲ್ಲಿ ದುಡಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಬಲವಂತಕ್ಕೆ ತಂದವರು, ಯುದ್ಧಕೈದಿಗಳು, ಶಿಬಿರದ ಕೈದಿಗಳು. ಅದನ್ನು ತಿಳಿದ ಮೇಲೆ ಆ ಕಾಲದ ಹೊಳೆಯುವ ರೇಸ್ ಕಾರುಗಳನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ.

ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಟ್ಯಾಕ್ಸಿ ಮುಂದೆ. 1976ರ 240 ಡಿ. ಗ್ರೀಸ್ ದೇಶದ ಟ್ಯಾಕ್ಸಿ ಡ್ರೈವರ್ ಒಬ್ಬ ಇದನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಗೇ ತಂದುಕೊಟ್ಟ. ಭೂಮಿಯನ್ನು ನೂರಕ್ಕೂ ಹೆಚ್ಚು ಸಲ ಸುತ್ತಿದ ಲೆಕ್ಕ. ಎಂಜಿನ್ ಬದಲಾಯಿಸಿರಬೇಕು, ಇಲ್ಲದೆ ಆಗುತ್ತಾ? ಆದರೂ ಗಾಡಿ ಅದೇ. ಫೋಟೊ ಕಳಿಸಿದೆ. ಅಪ್ಪನಿಂದ ತಕ್ಷಣ ಉತ್ತರ: "ಡ್ರೈವರ್ ಫೋಟೊ ಇಲ್ವಾ?"

ಅವತ್ತು ಸಂಜೆಯದ್ದೇ ಈ ಪ್ರವಾಸದಲ್ಲಿ ನನಗೆ ಉಳಿದದ್ದು. ಅಕ್ಕನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಮೂವತ್ತು ಚಿಲ್ಲರೆ ವರ್ಷ 'ಡೈಮ್ಲರ್ ಹತ್ರ' ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಎಲ್ಲರೂ ಹಾಗೇ ಹೇಳುವುದು, ಡೈಮ್ಲರ್ ಅನ್ನುವವನು ಇನ್ನೂ ಬದುಕಿದ್ದು ಸಂಬಳ ಕೊಡುತ್ತಿರುವ ಹಾಗೆ. ಅವರ ಗ್ಯಾರೇಜಿನಲ್ಲಿ 1982ರ 240 ಡಿ ಇದೆ. ಟ್ಯಾಕ್ಸಿಯ ನಂತರ ಬಂದ ಮಾದರಿ, ಡಬ್ಲ್ಯೂ 123. ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ಗಾಡಿ ಮಾಡಿದರು. ನಂಬರ್ ಪ್ಲೇಟಿನ ಕೊನೆಗೆ 'ಎಚ್' ಅಕ್ಷರ. 30 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ ಕೊಡುವ ಮರ್ಯಾದೆ ಅದು. ಹೊಗೆ ಜಾಸ್ತಿಯಾಯಿತು ಅಂತ ಸ್ಟುಟ್‌ಗಾರ್ಟ್ ನಗರ 2019ರಲ್ಲಿ ಹಳೆ ಡೀಸೆಲ್ ಕಾರುಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿತು. ಈ 'ಎಚ್' ಇದ್ದರೆ ಬಿಡುತ್ತಾರೆ. ಹದಿನೈದು ವರ್ಷದ ಗಾಡಿ ಹೊರಗೆ, ನಲವತ್ತು ವರ್ಷದ್ದು ಒಳಗೆ! ಇದನ್ನು ಹೇಳಿ ಅಜ್ಜ ಕಣ್ಣು ಮಿಟುಕಿಸಿದರು.

ಒಳಗೆ ಕೂರಿಸಿದರು. ಬಾಗಿಲು ಹಾಕಿದ ಸದ್ದು ಕಬ್ಬಿಣದ ಬೀರು ಮುಚ್ಚಿದ ಹಾಗೆ, ಗಟ್ಟಿ, ಆದರೆ ಮೆತ್ತಗೆ. ಸೀಟಿನ ಒಳಗೆ ಸ್ಪ್ರಿಂಗು, ಅದರ ಮೇಲೆ ಕುದುರೆ ಕೂದಲಿನ ಮೆತ್ತೆ ಅಂತ ಭಾವ ಅನುವಾದ ಮಾಡಿದರು. ಕುದುರೆ ಇನ್ನೂ ಪೂರ್ತಿ ಹೋಗಿಲ್ಲ ಅನ್ನಿ. ಕೀಲಿ ತಿರುಗಿಸಿದ ತಕ್ಷಣ ಸ್ಟಾರ್ಟ್ ಮಾಡುವಂತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಅದು ಆರುವವರೆಗೆ ಕಾಯಬೇಕು. ಎಂಜಿನ್ ಒಳಗೆ ಹೀಟರ್ ಪ್ಲಗ್ ಬಿಸಿಯಾಗುತ್ತಿರುತ್ತದೆ. ಅಜ್ಜ ಎರಡು ಕೈ ತೊಡೆಯ ಮೇಲಿಟ್ಟು, ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವವರ ಹಾಗೆ ಕೂತರು. ದೀಪ ಆರಿತು. ಕೀಲಿ ಇನ್ನಷ್ಟು ತಿರುಗಿಸಿದರು. ಟಕ ಟಕ ಟಕ ಅಂತ ಎದ್ದಿತು.

ನನಗೆ ಮೈ ಜುಂ ಅಂದಿತು. ಅದು ನಮ್ಮ ಮನೆಯ ಮುಂದೆ ಬೆಳಗಿನ ಜಾವ ಕೇಳುತ್ತಿದ್ದ ಸದ್ದಿನ ತಮ್ಮ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ರಾತ್ರಿ ಹತ್ತೂವರೆ. ಅಜ್ಜ ಬಾನೆಟ್ ಎತ್ತಿದರು, ನಾನು ಫೋನ್ ಎಂಜಿನ್ ಹತ್ತಿರ ಹಿಡಿದೆ. ಅಜ್ಜನಿಗೆ ಕನ್ನಡ ಬರದು, ಅಪ್ಪನಿಗೆ ಜರ್ಮನ್ ಬರದು. ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದರು. ನಿಮ್ಮ ಲಾರಿ ಎಷ್ಟು ಕಿಲೋಮೀಟರ್ ಓಡಿತ್ತು ಅಂತ ಅಜ್ಜ ಕೇಳಿದರು. "ಯಾರಿಗೆ ಗೊತ್ತು? ಮೀಟರ್ ಕೇಬಲ್ ಮೊದಲನೇ ವರ್ಷವೇ ಕಿತ್ತೋಗಿತ್ತು" ಅಂದರು ಅಪ್ಪ. ಭಾವ ಇದನ್ನು ಜರ್ಮನ್‌ಗೆ ತಿರುಗಿಸಿದಾಗ ಅಜ್ಜನ ಮುಖ ನೋಡಬೇಕಿತ್ತು.

ಆಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು ಅಂತ ಕಾಣುತ್ತೆ, ತೆರೆಯ ಮೇಲೆ ಬರೀ ಕಿವಿ ಕಾಣುತ್ತಿತ್ತು. "ಲೇ ತಮ್ಮಾ, ನಾಲ್ಕು ಸಿಲಿಂಡರ್ ಅಲ್ವಾ? ಟ್ಯಾಪೆಟ್ ಸದ್ದು ಬರ್ತಾ ಇದೆ. ಸೆಟ್ಟಿಂಗ್ ಮಾಡ್ಸೋಕೆ ಹೇಳು."

ಟ್ಯಾಪೆಟ್ ಅಂದರೆ ಎಂಜಿನ್ನಿನ ವಾಲ್ವುಗಳನ್ನು ಆಡಿಸುವ ಭಾಗ. ಭಾವ ಹೇಳಲೋ ಬೇಡವೋ ಅಂತ ತಡವರಿಸಿ, ಕೊನೆಗೆ ಹೇಳಿದರು. ಅಜ್ಜ ಮಾತಾಡಲಿಲ್ಲ. ಕಾರಿನೊಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಸರ್ವಿಸ್ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಟ್ಯಾಪೆಟ್ ಸೆಟ್ಟಿಂಗಿಗೆ ಬರೆದಿದ್ದ ಕಿಲೋಮೀಟರ್ ದಾಟಿ ಎಂಟುನೂರು ಆಗಿತ್ತು.