ಬೆಳಗಿನ ಚಳಿಯಲ್ಲಿ ಮಾತ್ರ ಕೇಳುವ ಟಿಕ್‌ಟಿಕ್

ಕಳೆದ ಡಿಸೆಂಬರ್‌ನಲ್ಲಿ, ಸಕಲೇಶಪುರದ ಮನೆಯಂಗಳದಲ್ಲಿ ರಾತ್ರಿಯಿಡೀ ನಿಂತಿದ್ದ ನಮ್ಮ ಹಳೆಯ ಪೆಟ್ರೋಲ್ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನಿಂದ ಹೊಲಿಗೆ ಯಂತ್ರದಂಥ ಟಿಕ್‌ಟಿಕ್ ಸದ್ದು ಕೇಳತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಸದ್ದಿನ ವೇಗವೂ ಏರುತ್ತಿತ್ತು. ಹತ್ತು ನಿಮಿಷ ಓಡಿಸಿದ ಮೇಲೆ ತಾನಾಗಿಯೇ ಅಡಗುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಅದನ್ನು ಟ್ಯಾಪೆಟ್ (ಎಂಜಿನ್ನಿನ ವಾಲ್ವ್‌ಗಳನ್ನು ಒತ್ತಿ ತೆರೆಯುವ ಭಾಗ) ಸದ್ದೆಂದು ನಿರ್ಧರಿಸಿ ಟ್ಯಾಪೆಟ್ ಸೆಟ್ ಮಾಡಿಕೊಟ್ಟರು. ಮರುದಿನ ಬೆಳಿಗ್ಗೆ ಅದೇ ಸದ್ದು ಮತ್ತೆ ಬಂತು.

ಆ ಊಹೆಗೆ ಆಧಾರವೇ ಇರಲಿಲ್ಲವೆಂದಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವ್ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತೆರೆದು ಮುಚ್ಚುತ್ತದೆ. ಈ ಲಯದ ಸಣ್ಣ ಸದ್ದು ಕೇಳಿದರೆ ಅನುಭವಸ್ಥರ ಗಮನ ಸಹಜವಾಗಿಯೇ ಟ್ಯಾಪೆಟ್ ಕಡೆಗೆ ಹೋಗುತ್ತದೆ. ಆದರೆ ಒಂದೊಂದು ಸಿಲಿಂಡರಿನಿಂದ ಉರಿದ ಹೊಗೆ ಹೊರಬೀಳುವುದೂ ಎರಡು ಸುತ್ತಿಗೆ ಒಮ್ಮೆಯೇ. ಹಾಗಾಗಿ ಲಯವೊಂದನ್ನೇ ನಂಬಿದರೆ ಟ್ಯಾಪೆಟ್ ಸದ್ದಿಗೂ ಹೊಗೆ ಸೋರುವ ಸದ್ದಿಗೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಬಾರಿ ತೋರಿಸಿದ ಹಿರಿಯ ಮೆಕ್ಯಾನಿಕ್ ಕೇಳಿದ್ದು ಅದನ್ನೇ. ವಿಷಯ ತಿಳಿದ ಮೇಲೆ, "ಬಿಸಿ ಗಾಡಿ ತಂದರೆ ಏನೂ ಗೊತ್ತಾಗಲ್ಲ ಸಾರ್, ರಾತ್ರಿ ಇಲ್ಲೇ ಬಿಟ್ಟುಹೋಗಿ" ಎಂದರು. ಬೆಳಿಗ್ಗೆ ನನ್ನೆದುರಿಗೇ ಎಂಜಿನ್ ಸ್ಟಾರ್ಟ್ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಊರಿ, ಹಿಡಿಕೆಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು ಆಲಿಸಿದರು. ಅಲ್ಲಿ ಸದ್ದು ಮಂದವಾಗಿತ್ತು. ಬಳಿಕ ಒಂದು ಮಾರುದ್ದದ ರಬ್ಬರ್ ಪೈಪಿನ ಒಂದು ಕೊನೆಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು, ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತ ಬಂದರು. ಮೂರನೆಯ ಸಿಲಿಂಡರಿನ ಬಳಿ ಕೈ ನಿಂತಿತು. ಟಾರ್ಚ್ ಹಿಡಿದು ನೋಡಿದಾಗ ಅಲ್ಲಿ ಬೆರಳಗಲದ ಮಸಿಯ ಗುರುತು ಕಂಡಿತು. ಜೋಡಣೆಯ ಸಂದಿ ಮುಚ್ಚುವ ಗ್ಯಾಸ್ಕೆಟ್ ಆ ಜಾಗದಲ್ಲಿ ಸುಟ್ಟುಹೋಗಿತ್ತು. ತಣ್ಣಗಿರುವಾಗ ಆ ಸಂದಿಯಿಂದ ಹೊಗೆ ಚಿಮ್ಮಿ ಟಿಕ್ ಎನ್ನುತ್ತಿತ್ತು. ಕಾದ ಲೋಹ ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಸದ್ದು ನಿಲ್ಲುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಅದು ಮತ್ತೆ ಕೇಳಿಲ್ಲ.

ಬೆಲ್ಟಿನ ಕೀರಲು ಸದ್ದನ್ನು ಪತ್ತೆಮಾಡುವುದು ಇದಕ್ಕಿಂತ ಸುಲಭ. ಕೈಯನ್ನು ದೂರವಿಟ್ಟು ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಕ್ಷಣಕಾಲ ಬದಲಾದರೆ ದೋಷ ಬೆಲ್ಟಿನ ಕಡೆಯದು. ಏನೂ ಬದಲಾಗದಿದ್ದರೆ ಆಲ್ಟರ್ನೇಟರ್ ಅಥವಾ ವಾಟರ್ ಪಂಪಿನ ಬೇರಿಂಗನ್ನು ಪರೀಕ್ಷಿಸಬೇಕು. ಶಿರಾಡಿ ಘಾಟಿಯಂಥ ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸಿದಾಗ ಗೋಲಿಗಳನ್ನು ಕುಲುಕಿದಂತೆ ಕೇಳುವ ಸದ್ದು ಬೇರೆಯೇ. ಅದು ಸಿಲಿಂಡರಿನೊಳಗೆ ಇಂಧನ ಹದತಪ್ಪಿ ಉರಿಯುವುದರ ಸೂಚನೆ. ಗೇರ್ ಇಳಿಸಿದರೆ ಆ ಹೊತ್ತಿಗೆ ಕಡಿಮೆಯಾಗುತ್ತದಾದರೂ ಇಗ್ನಿಷನ್ ಟೈಮಿಂಗನ್ನೂ (ಕಿಡಿ ಹೊತ್ತುವ ಸಮಯ) ಒಳಗೆ ಕಟ್ಟಿರಬಹುದಾದ ಕಾರ್ಬನ್ನನ್ನೂ ಪರೀಕ್ಷಿಸಲೇಬೇಕು.

ಒಂದು ಸದ್ದಿಗೆ ಮಾತ್ರ ಈ ತಾಳ್ಮೆ ಸಲ್ಲದು. ಎಂಜಿನ್ನಿನ ಕೆಳಭಾಗದಿಂದ ಒನಕೆ ಕುಟ್ಟಿದಂತೆ ಬರುವ, ಲೋಡ್ ಬಿದ್ದಾಗ ಜೋರಾಗುವ ಗಟ್ಟಿ ಸದ್ದು ಸಾಮಾನ್ಯವಾಗಿ ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವುದನ್ನು ತಿಳಿಸುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನ ಆಯಿಲ್ ದೀಪವೂ ಹೊತ್ತಿಕೊಂಡರೆ, ಗ್ಯಾರೇಜ್ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೂ ಓಡಿಸಿಕೊಂಡು ಹೋಗಬಾರದು. ಆ ಅರ್ಧ ಕಿಲೋಮೀಟರಿನಲ್ಲೇ ಕ್ರ್ಯಾಂಕ್ ಶಾಫ್ಟ್ ಕೆಡಬಹುದು, ರಾಡ್ ಮುರಿದು ಬ್ಲಾಕನ್ನೇ ಒಡೆಯಲೂಬಹುದು. ಗಾಡಿಯನ್ನು ರಸ್ತೆಯಂಚಿಗೆ ತಂದು ಎಂಜಿನ್ ಆಫ್ ಮಾಡಿ, ಟೋ ಮಾಡಿಸಿಯೇ ಒಯ್ಯಬೇಕು.