ಆಯಿ, ದೌ ಮತ್ತು ಲೈಫ್ ಜಾಕೆಟ್

ಮಸ್ಕತ್‌ಗೆ ಬಂದು ಆರು ವರ್ಷವಾದರೂ ನಾನು ಮುಸಂದಮ್ ನೋಡಿರಲಿಲ್ಲ. ಡಿಸೆಂಬರಿನಲ್ಲಿ ಕಾರವಾರದಿಂದ ಆಯಿ (ಅಮ್ಮ) ಬಂದಿದ್ದಳು, ಅದೇ ನೆಪ ಮಾಡಿಕೊಂಡು ಅಲ್ಲಿನ ಖಸಬ್ ಪಟ್ಟಣಕ್ಕೆ ವಿಮಾನ ಹತ್ತಿದೆವು. ಒಮಾನಿನದೇ ನೆಲ, ಆದರೆ ನಡುವೆ ಯುಎಇ ಬಂದು ಬೇರೆಯಾಗಿ, ಹೋರ್ಮುಜ್ ಜಲಸಂಧಿಗೆ ಮೂಗು ಚಾಚಿ ಕೂತಿದೆ.

ಧಕ್ಕೆಯಲ್ಲಿ ದೌ ನೋಡಿದ್ದೇ ಆಯಿ, "ಇದು ನಮ್ಮ ಮಚವೆ ಅಲ್ವಾ!" ಅಂದಳು. ಮರದ ದೋಣಿ, ಮೇಲೆ ಜಮಖಾನ, ಒರಗಲು ದಿಂಬು, ಖರ್ಜೂರ, ಬಾಳೆಹಣ್ಣು. ಎಲ್ಲ ಸರಿ, ಅವಳು ಮಾತ್ರ ಹತ್ತಲಿಲ್ಲ. "ಜಾಕೆಟ್ ಎಷ್ಟಿವೆ ಕೇಳು ಮೊದಲು."

ನಗಬೇಡಿ. 2019ರ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ ದೋಣಿ ಮಗುಚಿ 16 ಜನ ಹೋದರಲ್ಲ, ಅವತ್ತು ಬೆಳಿಗ್ಗೆಯೇ ಆಯಿ ಅದೇ ನೀರಿನಲ್ಲಿ ಹೋಗಿಬಂದಿದ್ದಳು. ಆಮೇಲೆ ದೋಣಿ ಹತ್ತಿದ್ದೇ ಇಲ್ಲ. ದೌ ಹುಡುಗ ಗುಜರಾತಿನವನು, ಬೇಜಾರು ಮಾಡಿಕೊಳ್ಳದೆ ಪೆಟ್ಟಿಗೆ ತೆಗೆದು ಹಿಂದಿಯಲ್ಲಿ ಎಣಿಸಿ ತೋರಿಸಿದ. ನಾವು 22 ಜನ, ಜಾಕೆಟ್ 30. ಒಂದನ್ನು ಸೀರೆಯ ಮೇಲೆ ಹಾಕಿಕೊಂಡೇ ಅವಳು ಕಾಲಿಟ್ಟಿದ್ದು.

ಖೋರ್ ಶಮ್ ಒಳಗೆ ಹೊಕ್ಕರೆ ಹೊರಗಿನ ಟ್ಯಾಂಕರು, ದಿನಾ ಟಿವಿಯಲ್ಲಿ ಬರುವ ಹೋರ್ಮುಜ್ ಗಲಾಟೆ, ಯಾವುದೂ ನೆನಪಾಗುವುದಿಲ್ಲ. ಸುಮಾರು 16 ಕಿಲೋಮೀಟರು ಉದ್ದದ ಹಿನ್ನೀರು, ಎರಡೂ ಕಡೆ ಬೋಳು ಸುಣ್ಣಕಲ್ಲಿನ ಬೆಟ್ಟ. ಅರೇಬಿಯಾದ ನಾರ್ವೆ ಅಂತಾರೆ, ಸುಮ್ನೆ ಪ್ರವಾಸಿಗರಿಗೆ ಹೇಳೋ ಮಾತು. ನಾರ್ವೆಯಲ್ಲಿ ಹಿಮನದಿ ಕೊರೆದದ್ದು, ಇಲ್ಲಿ ಬೆಟ್ಟಗಳೇ ನಿಧಾನಕ್ಕೆ ಕುಸಿದು ಕಣಿವೆಗಳಿಗೆ ಸಮುದ್ರ ನುಗ್ಗಿದ್ದು. "ಒಂದು ತೆಂಗಿನ ಮರನೂ ಇಲ್ವಲ್ಲ ಮಗಾ" ಅನ್ನೋದು ಆಯಿಯ ದೂರು. ದಡದಲ್ಲಿ ನಾಲ್ಕಾರು ಮನೆಗಳ ಹಳ್ಳಿಗಳಿವೆ, ರಸ್ತೆಯಿಲ್ಲ, ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ರಾತ್ರಿ ಯಾರಿಗಾದರೂ ಜ್ವರ ಬಂದರೆ ಏನು ಮಾಡ್ತಾರೆ ಅಂತ ಅವಳು ಸುಮಾರು ಹೊತ್ತು ಯೋಚಿಸುತ್ತಿದ್ದಳು. ಹುಡುಗ ಸಿಳ್ಳೆ ಹಾಕಿದ, ಡಾಲ್ಫಿನ್ ಬಂದವು. ಆಯಿಗೆ ಅದೇನೂ ಬೆರಗಲ್ಲ, ಕಾರವಾರದ ದೇವಬಾಗದ ಹತ್ತಿರ ದಿನಾ ಕಾಣ್ತವಂತೆ.

ಟೆಲಿಗ್ರಾಫ್ ದ್ವೀಪದ ಹತ್ತಿರ ಎಂಜಿನ್ ನಿಲ್ಲಿಸಿದರು. 1864ರಲ್ಲಿ ಬ್ರಿಟಿಷರು ಭಾರತಕ್ಕೆ ತಂತಿ ಎಳೆದಾಗ ಈ ಬಂಡೆಯನ್ನೂ ಆಯ್ದುಕೊಂಡಿದ್ದರು. ಬಿಸಿಲಲ್ಲಿ ಬೆಂದು ಕೆಲವೇ ವರ್ಷಕ್ಕೆ ಬಿಟ್ಟು ಹೋದರು. ನಮ್ಮ ಕಾರವಾರದ ದೇವಗಡ ದ್ವೀಪದ ದೀಪಸ್ತಂಭವೂ 1864ರದ್ದೇ, ಅದು ಇನ್ನೂ ನಿಂತಿದೆ! ಉಳಿದವರೆಲ್ಲ ಈಜಲು ಇಳಿದರು. ಹಲಗೆಗೆ ನೀರು ತಟ್ಟುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಯಿ ದಿಂಬಿಗೆ ಒರಗಿ ಬಾಳೆಹಣ್ಣು ಸುಲಿಯುತ್ತಾ ಕೂತಿದ್ದಳು, ಎಷ್ಟೋ ಹೊತ್ತು ಮಾತಿಲ್ಲ.

"ಕೂರ್ಮಗಡಕ್ಕೆ ಬಾಳೆಹಣ್ಣಿನ ಹರಕೆ ಹಾಗೇ ಉಳಿದಿದೆ" ಅಂದಳು ಕೊನೆಗೆ. ಜಾತ್ರೆ ಜನವರಿಯಲ್ಲಿ, ಅಷ್ಟರೊಳಗೆ ಅವಳು ಊರಲ್ಲಿರುತ್ತಾಳೆ. ನಾನು ಏನೂ ಹೇಳಲಿಲ್ಲ.

ಧಕ್ಕೆಗೆ ಮರಳಿದಾಗ ಎಲ್ಲರೂ ಜಾಕೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಆಯಿ ತನ್ನದನ್ನು ಬಿಚ್ಚಲೇ ಇಲ್ಲ. "ಇದನ್ನು ಮಾರ್ತಾನಾ ಕೇಳು" ಅಂದಳು.